ಬೆಚ್ಚಗಾಗಲು ಬೀದಿಗೆ ಬಂದವರು

ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಜನ ಮೈ ಕಾಯಿಸಿಕೊಳ್ಳುವ ದೃಶ್ಯ ನೋಡಬೇಕೆಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಗೆ ಬನ್ನಿ. ಗಾಜಿನ ಗೋಪುರಗಳಿಂದ ಸ್ವೆಟರ್ ತೊಟ್ಟ ಎಂಜಿನಿಯರುಗಳು ಅಂಗೈ ಉಜ್ಜಿಕೊಳ್ಳುತ್ತಾ ಇಳಿದು ಬರುತ್ತಾರೆ. ಚಹಾ ಗಾಡಿಯ ಪಕ್ಕ, ಬೇಲಿಯ ಮೇಲಿನ ಓತಿಕ್ಯಾತದಂತೆ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. 2016ರ ಏಪ್ರಿಲ್‌ನಲ್ಲಿ ಇದೇ ಊರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು.

ನನ್ನ ಸೋದರಳಿಯನೂ ಅವರಲ್ಲಿ ಒಬ್ಬ. ಒಂದು ದಿನ ಅವನ ಕಚೇರಿ ನೋಡಲು ಹದಿನಾಲ್ಕನೆಯ ಮಹಡಿಗೆ ಹೋದೆ. ನೆಲದಿಂದ ಛಾವಣಿಯವರೆಗೂ ಗಾಜು. ಹಗಲ ಬೆಳಕು ಧಾರಾಳವಾಗಿ ಒಳಗೆ ಬರಲೆಂದು ಹಾಕಿಸಿದ್ದಂತೆ. ಬೆಳಕು ಬಂತು, ಜೊತೆಗೆ ಬಿಸಿಲೂ ಬಂತು. ಕಂಪ್ಯೂಟರ್ ಪರದೆ ಕಾಣದಾಯಿತು. ಹಾಗಾಗಿ ಗಾಜಿಗೆಲ್ಲ ಪರದೆ ಎಳೆದು, ಒಳಗೆ ಕತ್ತಲಾಯಿತೆಂದು ನಡುಹಗಲಲ್ಲಿ ಸಾಲುಸಾಲು ದೀಪ ಉರಿಸಿದ್ದರು. ಗಾಜಿಗೆ ಎಳೆದ ಆ ಪರದೆಯ ಮೇಲೆ ಪಶ್ಚಿಮಘಟ್ಟದ ಕಾಡಿನ ಚಿತ್ರ! ಪಡುವಣ ಗಾಜಿನ ಪಕ್ಕ ಕೂತವರು ಬೆವರುತ್ತಿದ್ದರು, ನಡುಭಾಗದಲ್ಲಿ ಕೂತವರು ನಡುಗುತ್ತಿದ್ದರು. ಇಬ್ಬರಿಗೂ ಹತ್ತೇ ಹೆಜ್ಜೆಯ ಅಂತರ. ಎಸಿ ಗಾಳಿ ನೇರ ನೆತ್ತಿಗೆ ಬೀಳುವ ಒಂದು ಕಡೆ ಯಾರೋ ಪುಣ್ಯಾತ್ಮರು ಕೊರಿಯರ್ ಡಬ್ಬದ ರಟ್ಟು ಕತ್ತರಿಸಿ ಅಂಟಿಸಿದ್ದರು. ಇಡೀ ಮಹಡಿಯಲ್ಲಿ ಬುದ್ಧಿ ಓಡಿಸಿ ಮಾಡಿದ ಕೆಲಸವೆಂದರೆ ಆ ರಟ್ಟು.

"ಈ ಕಿಟಕಿ ತೆಗೆಯಬಾರದೇನೋ?" ಎಂದೆ.

"ಮಾವ, ಅದು ಕಿಟಕಿಯಲ್ಲ, ಗೋಡೆ."

"ಗೋಡೆಯಾದರೆ ಬಿಸಿಲು ಹೇಗೆ ಒಳಗೆ ಬಂತು?"

"ಅದು ಗಾಜಲ್ಲವೇ!"

ಹನ್ನೆರಡು ತಿಂಗಳೂ ಮೋಡ ಮುಸುಕಿದ ನಾಡಿನವರು ಬಿಸಿಲಿಗೆ ಬಾಯಿಬಿಟ್ಟು ಗಾಜು ಹಾಕಿಸಿದರೆ ಅರ್ಥವಾಗುತ್ತದೆ. ಆದರೂ ಲಂಡನ್ನಿನವರು ಫೆಂಚರ್ಚ್ ಬೀದಿಯಲ್ಲಿ ಒಳಬಾಗಿದ ಗಾಜಿನ ಮೈಯ ಕಟ್ಟಡ ಎಬ್ಬಿಸಿ, 2013ರಲ್ಲಿ ಅದರಿಂದ ಪ್ರತಿಫಲಿಸಿದ ಬಿಸಿಲಿಗೆ ಕೆಳಗೆ ನಿಂತಿದ್ದ ಜಾಗ್ವಾರ್ ಕಾರಿನ ಭಾಗಗಳನ್ನೇ ಕರಗಿಸಿಕೊಂಡರು. ಆ ಬಿಸಿಲಿನಲ್ಲಿ ಬಾಣಲೆ ಇಟ್ಟು ಮೊಟ್ಟೆ ಕಾಯಿಸಿ ನೋಡಿದವರೂ ಇದ್ದರು. ನಮ್ಮದೋ, ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೇ ಬಂದು, ನಿಂತವನ ನೆರಳು ಅವನ ಕಾಲಡಿಗೇ ಅಡಗುವ ಊರು.

ವಿಚಿತ್ರವೆಂದರೆ, ನಾವು ಯಾರನ್ನು ನೋಡಿ ಕಲಿತೆವು ಅಂದುಕೊಂಡಿದ್ದೇವೋ ಅವರು ಹೀಗೆ ಕಟ್ಟಿ ಸುಮ್ಮನಾಗಿಲ್ಲ. ಚಳಿಯ ಫ್ರಾಂಕ್‌ಫರ್ಟ್‌ನಲ್ಲಿ 1997ರಲ್ಲಿ ಮುಗಿದ ಕಾಮರ್ಸ್‌ಬ್ಯಾಂಕ್ ಗೋಪುರ 56 ಮಹಡಿಯದು; ಅಲ್ಲಿ ಆಕಾಶದಲ್ಲೇ ತೋಟಗಳಿವೆ, ನೌಕರರು ಕಿಟಕಿ ತೆರೆಯುತ್ತಾರೆ. ಕ್ವಾಲಾಲಂಪುರದ ಬಳಿ ವಾಸ್ತುಶಿಲ್ಪಿ ಕೆನ್ ಯಾಂಗ್ 1992ರಲ್ಲಿ ಕಟ್ಟಿದ ಮೆನಾರಾ ಮೆಸಿನಿಯಾಗ ಎಂಬ ಕಚೇರಿ ಗೋಪುರದಲ್ಲಿ ಲಿಫ್ಟು, ಮೆಟ್ಟಿಲು, ಶೌಚಾಲಯಗಳನ್ನು ಮೂಡಣದ ಬಿಸಿಲಿಗೆ ಅಡ್ಡಲಾಗಿ ಇಟ್ಟಿದ್ದಾರೆ. ಸೂರ್ಯನನ್ನು ಎದುರಿಸುವ ಕೆಲಸ ಮೆಟ್ಟಿಲಿನದು, ಗುಮಾಸ್ತನದಲ್ಲ. ಇನ್ನು ಕೆಂಡದಂಥ ಜೆಡ್ಡಾದ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್, 1983ರದು. ಹೊರಮೈಗೆ ಕಲ್ಲು ಹೊದಿಸಿ ಮುಚ್ಚಿಬಿಟ್ಟಿದ್ದಾರೆ. ಕಿಟಕಿಗಳೆಲ್ಲ ಒಳಗಿನ ನೆರಳಿನ ಅಂಗಳದ ಕಡೆಗೆ. ಅಂದರೆ 27 ಮಹಡಿಯ ತೊಟ್ಟಿಮನೆ! ಕರ್ನಾಟಕದಲ್ಲಿ ತೊಟ್ಟಿಮನೆ ಕೆಡವಿದವರು ಅದೇ ಜಾಗದಲ್ಲಿ ಗಾಜಿನ ಡಬ್ಬ ನಿಲ್ಲಿಸುತ್ತಾರೆ. ಎರಡಡಿ ಸಜ್ಜಾ ಹಾಕಿಸಿ ಎಂದರೆ "ಎಲಿವೇಶನ್ ಕೆಡುತ್ತದೆ", ಅಂದರೆ ಮುಂಭಾಗದ ಅಂದ ಕೆಡುತ್ತದೆ, ಎನ್ನುತ್ತಾರೆ.

ಹವಾಮಾನದ ಲೆಕ್ಕದಲ್ಲಿ ಕೇಂದ್ರ ಸರ್ಕಾರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೇಶವನ್ನು ಐದು ವಲಯ ಮಾಡಿದೆ. ಬೆಂಗಳೂರು ಸಮಶೀತೋಷ್ಣ ವಲಯದಲ್ಲಿದೆ. ಹೆಚ್ಚಿನ ತಿಂಗಳು ಗಾಳಿ, ನೆರಳು ಇದ್ದರೆ ಸಾಕು. ದೇವರು ಬಿಟ್ಟಿ ಕೊಟ್ಟ ಎಸಿಯನ್ನು ಹೊರಗೆ ನಿಲ್ಲಿಸಿ, ಬಿಲ್ಲು ಕಟ್ಟುವ ಎಸಿಯನ್ನು ಒಳಗೆ ಕರೆದುಕೊಂಡೆವು.

ಇಳಿದು ಬರುವಾಗ ಹಜಾರದಲ್ಲಿ ಫಳಫಳ ಹೊಳೆಯುವ ಫಲಕ ಕಂಡಿತು: ಹಸಿರು ಕಟ್ಟಡ, ಪ್ಲಾಟಿನಂ ದರ್ಜೆ. ಯಾವುದಕ್ಕೆ ಸಿಕ್ಕಿತೆಂದು ಅಳಿಯನನ್ನು ಕೇಳಿದೆ. ನೀರು ಉಳಿಸುವ ನಲ್ಲಿ ಇದೆ, ಸೈಕಲ್ ನಿಲ್ಲಿಸಲು ಜಾಗ ಇದೆ ಎಂದ. ಸೈಕಲ್ ಜಾಗದಲ್ಲಿ ಜನರೇಟರಿನ ಡೀಸೆಲ್ ಡ್ರಮ್ಮುಗಳಿದ್ದವು.

ಗೇಟಿನಲ್ಲಿ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಬೇಕಿತ್ತು. ಹೊಂಗೆ ಮರದ ಕೆಳಗಿನ ಪುಟ್ಟ ತಗಡಿನ ಕೋಣೆಯಲ್ಲಿ ಕಾವಲುಗಾರರು ತಂಪಾಗಿ ತೂಕಡಿಸುತ್ತಿದ್ದರು. ನನ್ನನ್ನು ಕಂಡು ಪುಸ್ತಕ ಕೊಡಲು ಕಿಟಕಿ ಸರಿಸಿದರು. ಆ ಇಡೀ ಆವರಣದಲ್ಲಿ ತೆರೆಯುವ ಕಿಟಕಿ ಅದೊಂದೇ.