ಪ್ಲಿಟ್ವಿಟ್ಸೆಗೆ ಮೂರು ಗಂಟೆ ಸಾಕಾ?

ಕ್ರೊಯೇಷಿಯಾಕ್ಕೆ ಹೊರಟಿದ್ದ ಇಬ್ಬರು ಈ ತಿಂಗಳು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಜಾಗ್ರೆಬ್‌ನಿಂದ ಸ್ಪ್ಲಿಟ್‌ಗೆ ಹೋಗುವಾಗ ಪ್ಲಿಟ್ವಿಟ್ಸೆ ಸರೋವರಗಳನ್ನೂ ನೋಡಿಬಿಡೋಣ ಅಂತಿದ್ದೀವಿ, ಮೂರು ಗಂಟೆ ಸಾಕಲ್ವಾ?" ಇಬ್ಬರಿಗೂ ಬೇಡ ಅಂದೆ. ಮೂರೇ ಗಂಟೆ ಇದ್ದರೆ ಈ ಸಲ ಬಿಟ್ಟುಬಿಡಿ, ಇನ್ನೊಮ್ಮೆ ಹೋಗಿ. ಕೇಳಿದವರಿಗೆ ಸ್ವಲ್ಪ ಒರಟು ಅನ್ನಿಸಿರಬೇಕು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಹಾಗೇ ಹೋಗಿದ್ದೆ. ಜುಲೈ ತಿಂಗಳು. ಜಾಗ್ರೆಬ್‌ನಿಂದ ಸುಮಾರು 130 ಕಿಲೋಮೀಟರ್. ನಿಧಾನವಾಗಿ ಹೊರಟು ಹನ್ನೊಂದು ಗಂಟೆಗೆ ಗೇಟ್ ಮುಟ್ಟಿದೆವು. ಅಷ್ಟೊತ್ತಿಗೆ ಟೂರಿಸ್ಟ್ ಬಸ್ಸುಗಳೆಲ್ಲ ಬಂದಾಗಿತ್ತು. ನೀರಿನ ಮೇಲೆ ಮರದ ಹಲಗೆ ಹಾಸಿದ ಕಾಲುದಾರಿ. ಬಹಳ ಕಡೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಆ ದಾರಿಯಲ್ಲಿ ಮುಂದಿದ್ದವರ ಬೆನ್ನು ನೋಡಿಕೊಂಡೇ ನಡೆದೆವು. ಒಂದು ಕ್ಷಣ ನಿಂತರೆ ಹಿಂದೆ ಸಾಲು ನಿಲ್ಲುತ್ತಿತ್ತು. ವೆಲಿಕಿ ಸ್ಲಾಪ್ ನೋಡಿದೆವು. 78 ಮೀಟರ್, ಕ್ರೊಯೇಷಿಯಾದ ಅತಿ ಎತ್ತರದ ಜಲಪಾತ. ಫೋಟೋ ಆಯಿತು, ಸಮಯವೂ ಆಯಿತು. ಮೇಲಿನ ಸರೋವರಗಳ ಕಡೆ ತಿರುಗಿಯೂ ನೋಡಲಿಲ್ಲ.

ಏನು ಬಿಟ್ಟು ಬಂದೆ ಅಂತ ಗೊತ್ತಾಗಿದ್ದು ಆಮೇಲೆ, ಆ ಜಾಗದ ಬಗ್ಗೆ ಓದಿದಾಗ. ಅಲ್ಲಿ 16 ಸರೋವರಗಳಿವೆ, ಮೇಲೆ 12, ಕೆಳಗೆ 4. ಒಂದರ ನೀರು ಇನ್ನೊಂದಕ್ಕೆ ಧುಮುಕುತ್ತಾ ಇಳಿದು, ಕೊನೆಗೆ ಕೊರಾನಾ ನದಿಯಾಗಿ ಹೊರಡುತ್ತದೆ. ಈ ಸರೋವರಗಳ ನಡುವಿನ ಕಟ್ಟೆಗಳನ್ನು ಯಾವ ಮನುಷ್ಯನೂ ಕಟ್ಟಿಲ್ಲ. ಸುಣ್ಣಕಲ್ಲಿನ ಬೆಟ್ಟಗಳಿಂದ ಬರುವ ನೀರಿನಲ್ಲಿ ಸುಣ್ಣ ಕರಗಿರುತ್ತದೆ. ಆ ನೀರು ಹಾವಸೆಯ ಮೇಲೆ ಬಿದ್ದು ಚಿಮ್ಮಿದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಸುಣ್ಣ ಹಾವಸೆಗೆ ಮೆತ್ತಿಕೊಳ್ಳುತ್ತದೆ. ಒಳಗಿನ ಹಾವಸೆ ಕಲ್ಲಾಗುತ್ತದೆ, ಅದರ ಮೇಲೆ ಹೊಸದು ಚಿಗುರುತ್ತದೆ. ಹೀಗೆ ಬೆಳೆಯುವ ಕಲ್ಲಿಗೆ ಟೂಫಾ ಅನ್ನುತ್ತಾರೆ. ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಜಲಪಾತ ಕಲ್ಲನ್ನು ಸವೆಸುತ್ತದೆ ಅಂತಲೇ ನಾವು ಶಾಲೆಯಲ್ಲಿ ಓದಿದ್ದು. ಇಲ್ಲಿ ಜಲಪಾತವೇ ಕಲ್ಲು ಕಟ್ಟುತ್ತದೆ! ಇದರಲ್ಲಿ ಹಾವಸೆಯ ಪಾಲು ಎಷ್ಟು ದೊಡ್ಡದು ಅಂತ 1920ರ ದಶಕದಲ್ಲಿ ತೋರಿಸಿಕೊಟ್ಟವರು ಸಸ್ಯವಿಜ್ಞಾನಿ ಇವೊ ಪೆವಾಲೆಕ್.

ಇದು ಗೊತ್ತಿದ್ದು ನೋಡುವುದೇ ಬೇರೆ. ನೀರಿಗೆ ಇಳಿಯಲು ಬಿಡುವುದಿಲ್ಲ ಅಂತ ತುಂಬಾ ಜನ ಬೇಜಾರು ಮಾಡಿಕೊಳ್ಳುತ್ತಾರೆ. 2006ರಿಂದ ಅಲ್ಲಿ ಈಜುವುದು ಪೂರ್ತಿ ನಿಷೇಧ. ಆ ನಿಯಮ ನೂರಕ್ಕೆ ನೂರು ಸರಿ ಅಂತ ನಾನು ಹೇಳುತ್ತೇನೆ. ಬೆರಳಿನಷ್ಟು ದಪ್ಪದ ಟೂಫಾ ಬೆಳೆಯಲು ವರ್ಷ ಹಿಡಿಯುತ್ತದೆ, ಮುರಿಯಲು ಒಂದು ಕಾಲು ಸಾಕು. ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಬರುವ ಜಾಗ ಅದು. ಈಜಲೇಬೇಕು ಅಂದರೆ ಸಮುದ್ರ ಹತ್ತಿರದಲ್ಲೇ ಇದೆ, ಅಲ್ಲಿಗೆ ಒಂದು ದಿನ ಇಟ್ಟುಕೊಳ್ಳಿ.

ಈ ಜಾಗ ಉಳಿದುಕೊಂಡು ಬಂದಿರುವುದೂ ಸುಮ್ನೆ ಅಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1991ರ ಈಸ್ಟರ್ ದಿನ ಇದೇ ಕಾಡಿನಲ್ಲಿ ಗುಂಡು ಹಾರಿ, ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧದ ಮೊದಲ ಸಾವುಗಳಾದವು. 1992ರಿಂದ 1997ರವರೆಗೆ ಈ ಜಾಗ ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಇಷ್ಟೆಲ್ಲ ದಾಟಿ ಬಂದ ಜಾಗಕ್ಕೆ ಒಂದು ಪೂರ್ತಿ ದಿನ ಕೊಡಬಾರದಾ?

ಎರಡನೇ ಸಲ ಅಕ್ಟೋಬರ್‌ನಲ್ಲಿ ಹೋದೆ, ಅಮ್ಮ ಮತ್ತು ತಮ್ಮನ ಜೊತೆ. ಮುಕಿನ್ಯೆ ಅನ್ನುವ ಹಳ್ಳಿಯಲ್ಲಿ ಎರಡು ರಾತ್ರಿ ರೂಮ್ ಹಿಡಿದೆವು. ಅಲ್ಲಿಂದ ಎರಡನೇ ಗೇಟಿಗೆ ನಡೆದೇ ಹೋಗಬಹುದು. ನನ್ನ ಮಟ್ಟಿಗೆ ಇಡೀ ಪ್ಲಾನಿನಲ್ಲಿ ಮುಖ್ಯವಾದದ್ದು ಇದೊಂದೇ: ಹಿಂದಿನ ರಾತ್ರಿ ಅಲ್ಲೇ ಹತ್ತಿರ ಮಲಗಿ, ಗೇಟ್ ತೆರೆಯುವ ಹೊತ್ತಿಗೆ ಒಳಗೆ ಹೋಗುವುದು. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಒಳಗೆ ಹೋಗುವ ಸಮಯವನ್ನೂ ಆಗಲೇ ಆರಿಸಬೇಕು, ಬೇಸಿಗೆಯಲ್ಲಿ ಬೆಳಗಿನ ಹೊತ್ತಿನದು ಬೇಗ ಮುಗಿದುಹೋಗುತ್ತದೆ. ಬೇಸಿಗೆಯ ಟಿಕೆಟ್ ಚಳಿಗಾಲದ್ದಕ್ಕಿಂತ ಹಲವು ಪಟ್ಟು ದುಬಾರಿ. ಹಾಗಂತ ದುಡ್ಡು ಉಳಿಯುತ್ತದೆ ಅಂತ ಜನವರಿಗೆ ಹೊರಡಬೇಡಿ, ಹಿಮ ಬಿದ್ದರೆ ಮೇಲಿನ ಸರೋವರಗಳ ದಾರಿ ಮುಚ್ಚಿರುತ್ತದೆ. ಶೂ ಮಾತ್ರ ಜಾರದಂಥದ್ದು ಇರಲಿ, ಒದ್ದೆ ಹಲಗೆ ಬಹಳ ಜಾರುತ್ತದೆ.

ಅಮ್ಮನಿಗೆ ಮೊಣಕಾಲು ನೋವು. ಬರುವುದಿಲ್ಲ ಅಂತಲೇ ಹಟ ಹಿಡಿದಿದ್ದರು. ಆದರೆ ಅಲ್ಲಿ ವಯಸ್ಸಾದವರಿಗೂ ದಾರಿ ಇದೆ. ಎರಡನೇ ಗೇಟಿನ ಹತ್ತಿರ ಪಾರ್ಕಿನದೇ ವಾಹನ ಹತ್ತಿದರೆ ಮೇಲಿನ ತುದಿಗೆ ಬಿಡುತ್ತದೆ, ಅದರ ದುಡ್ಡು ಟಿಕೆಟ್‌ನಲ್ಲೇ ಸೇರಿರುತ್ತದೆ. ಅಲ್ಲಿಂದ ನೀರಿನ ಜೊತೆಗೇ ಕೆಳಗಿಳಿಯುತ್ತಾ ಬರುವುದು, ಹತ್ತುವುದು ಕಡಿಮೆ. ಕೆಳಗಿನಿಂದ ಶುರು ಮಾಡಿದರೆ ಅದೇ ದಾರಿ ಮೊಣಕಾಲಿಗೆ ಶಿಕ್ಷೆ. ನಾವು ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ತೆಗೆದುಕೊಂಡೆವು. ಯಾರೂ ಹಿಂದಿನಿಂದ ತಳ್ಳಲಿಲ್ಲ. ಬೀಚ್ ಮರಗಳ ಎಲೆ ಹಳದಿಯಾಗಿ ನೀರಿನ ಮೇಲೆ ಬಿದ್ದಿದ್ದವು. ಒಂದು ಕಡೆ ಹಲಗೆಯ ಕೆಳಗೇ ನೀರು ಹರಿಯುವ ಸದ್ದು ಕೇಳಿ ಅಮ್ಮ ನಿಂತುಬಿಟ್ಟರು. ಕಟ್ಟೆಯ ಅಂಚಿನಲ್ಲಿ ಅರ್ಧ ಹಸಿರು, ಅರ್ಧ ಕಲ್ಲಾಗಿದ್ದ ಹಾವಸೆ ತೋರಿಸಿದೆ. "ಇದು ಇನ್ನೂ ಬೆಳೀತಿದೆಯಾ?" ಅಂತ ಎರಡು ಸಲ ಕೇಳಿದರು.

ಆಮೇಲೆ ಕೊಜ್ಯಾಕ್ ಸರೋವರ. ಹದಿನಾರರಲ್ಲಿ ಅದೇ ದೊಡ್ಡದು. ಸದ್ದಿಲ್ಲದ ಬ್ಯಾಟರಿ ದೋಣಿಯಲ್ಲಿ ಆ ತುದಿಗೆ ಹೋದೆವು. ದೋಣಿ ಇಳಿದ ಕಡೆ ಹುಲ್ಲುಗಾವಲು, ಬೆಂಚುಗಳು. ವೆಲಿಕಿ ಸ್ಲಾಪ್‌ಗೆ ಇಳಿಯಬೇಕಾದದ್ದು ಅಲ್ಲಿಂದಲೇ. ಅಮ್ಮನನ್ನು ತಮ್ಮನ ಜೊತೆ ಬೆಂಚಿನ ಮೇಲೆ ಬಿಟ್ಟು ನಾನೊಬ್ಬಳೇ ಹೋಗಿಬರೋಣ ಅಂದುಕೊಂಡಿದ್ದೆ. ಅಮ್ಮ ಹತ್ತು ನಿಮಿಷ ಕೂತು, ನೀರು ಕುಡಿದು, "ಇನ್ನು ಎಷ್ಟು ದೂರ?" ಅಂತ ಎದ್ದು ನಿಂತರು.