ಒಡೆದ ಚರ್ಮಕ್ಕೆ ಕುದಿನೀರು, ಗ್ಲಿಸರಿನ್: ಒಂದು ಸ್ಪಷ್ಟನೆ

‘ಚಳಿಗೆ ಚರ್ಮ ಒಡೆದರೆ ಹಂಡೆಯ ಸುಡುನೀರು ಚೆನ್ನಾಗಿ ಸುರಿದುಕೊಳ್ಳಿ, ಮೈ ಒಣಗಿದ ಮೇಲೆ ಗ್ಲಿಸರಿನ್‌ಗೆ ನಿಂಬೆರಸ ಹಿಂಡಿ ತಿಕ್ಕಿ, ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ’ ಎಂಬ ಸಂದೇಶ ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಹೆಚ್ಚಿನದು ತಪ್ಪು.

ಸುಡುನೀರು ಚರ್ಮದ ಸ್ವಂತ ಜಿಡ್ಡನ್ನೇ ತೊಳೆದುಬಿಡುತ್ತದೆ. ಸ್ನಾನ ಮುಗಿದ ಅರ್ಧ ಗಂಟೆಗೆ ಮೊಣಕಾಲ ಕೆಳಗೆ ಬಿಳಿ ಗೆರೆ ಏಳುವುದು ಇದರಿಂದಲೇ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗಿನ ಸ್ನಾನ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮುಂಚೆ, ಅಂದರೆ ಮೂರು ನಿಮಿಷದೊಳಗೆ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿ. ಎಣ್ಣೆ ನೀರನ್ನು ತಡೆದಿಡುತ್ತದೆ, ತಾನಾಗಿ ನೀರು ಕೊಡುವುದಿಲ್ಲ. ಒಣಗಿದ ಮೈಗೆ ಹಚ್ಚಿದರೆ ಅರ್ಧ ಪ್ರಯೋಜನ.

ಗ್ಲಿಸರಿನ್ ಒಳ್ಳೆಯದೇ. ಆದರೆ ಹಾಗೇ ಹಚ್ಚಿದರೆ ಒಣಹವೆಯಲ್ಲಿ ಚರ್ಮದ ಒಳಗಿನ ನೀರನ್ನೇ ಎಳೆಯಬಲ್ಲದು. ಒಂದು ಚಮಚಕ್ಕೆ ಎರಡು ಚಮಚ ನೀರು ಬೆರೆಸಿ, ಒದ್ದೆ ಚರ್ಮಕ್ಕೆ ಹಚ್ಚಿ, ಮೇಲೆ ಎಣ್ಣೆ ಸವರಿ. ನಿಂಬೆರಸ ಬೇಡವೇ ಬೇಡ. ಕಾಫಿ ಹಣ್ಣು ಕೊಯ್ದು ಸೀಳಿದ ಬೆರಳಿಗೆ ಅದು ಉರಿ ಮಾತ್ರ.

ನೀರು ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಅದಕ್ಕಿಂತ ಹೆಚ್ಚು ಕುಡಿದದ್ದು ಹಿಮ್ಮಡಿಗೆ ಹೋಗುವುದಿಲ್ಲ, ಬಚ್ಚಲಿಗೆ ಹೋಗುತ್ತದೆ.

ಹಿಮ್ಮಡಿ ಒಡಕಿಗೆ ರಾತ್ರಿ ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ಕಾಲಿಟ್ಟು, ಒರೆಸಿ, ಹತ್ತು ಶೇಕಡಾ ಯೂರಿಯಾ (ಗಡುಸು ಚರ್ಮವನ್ನು ಮೆತ್ತಗಾಗಿಸುವ ವಸ್ತು) ಇರುವ ಚರ್ಮದ ಕ್ರೀಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ. ರಕ್ತ ಬರುವ ಬಿರುಕಿಗೆ ಇದು ಉರಿಯುತ್ತದೆ, ಅಲ್ಲಿಗೆ ವ್ಯಾಸಲೀನ್ ಮೇಲು. ಜಿಡ್ಡು ಹತ್ತಿದ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ, ಒಲೆ ಮುಂದೆ ಕೂರುವವರು ಜೋಪಾನ. ಸಕ್ಕರೆ ಕಾಯಿಲೆ ಇದ್ದವರ ಕಾಲು ಒಡೆದರೆ ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಬೇಕು.