ಐದು ಸೆಂಟಿಮೀಟರ್ ಉಸಿರು

ನಮ್ಮೂರ ಟೈಲರ್ ಮಾವ ಎದೆಗೆ ಟೇಪ್ ಸುತ್ತಿ, ‘ಲೂಸ್ ಎಷ್ಟು ಬಿಡ್ಲಿ?’ ಅಂದರು.

‘ಅಂಗಿ ಹೊಲಿಸೋಕಲ್ಲ ಮಾವ, ಸುಮ್ನೆ ಅಳತೆ ಹೇಳಿ. ಸೆಂಟಿಮೀಟರ್‌ನಲ್ಲಿ.’

‘ಟೇಪಿನ ಆ ಕಡೆ ನಾನು ಮೂವತ್ತು ವರ್ಷದಿಂದ ನೋಡೇ ಇಲ್ಲ’ ಅಂತ ಕನ್ನಡಕ ಹುಡುಕತೊಡಗಿದರು.

ನನಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನ ಹುಚ್ಚು ಹಿಡಿದಿತ್ತು. 1956ರಲ್ಲಿ ರಾಂಪುರದಲ್ಲಿ ಶುರುವಾಗಿ ಮರುವರ್ಷ ನಾಗಪುರಕ್ಕೆ ಬಂದ ಕಾಲೇಜು. ಅಲ್ಲಿನ ಸಬ್ ಆಫೀಸರ್ ಕೋರ್ಸ್‌ಗೆ ದೇಶದ ಮೂಲೆಮೂಲೆಯಿಂದ ಹುಡುಗರು ಮುಗಿಬೀಳುತ್ತಾರೆ. ಪರೀಕ್ಷೆಗೆ ಹೇಗೋ ಓದಬಹುದು. ಆದರೆ ಎದೆ 81 ಸೆಂ.ಮೀ. ಇರಬೇಕು, ಉಸಿರೆಳೆದರೆ 86 ಆಗಬೇಕು. ಅದನ್ನು ಯಾವ ಗೈಡ್ ನೋಡಿ ಓದೋದು?

ಮಾವ ಅಳೆದರು. 81. ಉಸಿರೆಳೆದೆ, ಕಣ್ಣುಗುಡ್ಡೆ ಆಚೆ ಬರುವಷ್ಟು. 83. ‘ಹೊಟ್ಟೆ ಮಾತ್ರ ಚೆನ್ನಾಗಿ ಹಿಗ್ತದೆ ಕಣಪ್ಪ, ಅದಕ್ಕೇನೂ ಮಾರ್ಕ್ಸ್ ಇಲ್ವಾ?’ ಅಂದರು.

ಬಲೂನು ಊದು ಅಂದರು ಗೆಳೆಯರು. ಎರಡು ಪ್ಯಾಕೆಟ್ ಊದಿದೆ, ಬೀದಿ ಮಕ್ಕಳಿಗೆ ಹಬ್ಬವಾಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಬಚ್ಚಲುಮನೆಯ ಊದುಗೊಳವೆ. ಹಂಡೆ ಒಲೆಗೆ ದಿನಾ ಬೆಳಗ್ಗೆ ಐದು ಗಂಟೆಗೆ ಕೂತು ಊದತೊಡಗಿದೆ. ಮೂರನೇ ದಿನ ಊದುವ ಬದಲು ಮರೆತು ಎಳೆದುಬಿಟ್ಟೆ. ಬೂದಿ, ಹೊಗೆ, ಅರ್ಧ ಸುಟ್ಟ ತೆಂಗಿನ ನಾರು, ಎಲ್ಲ ಒಳಗೆ. ಅಂಗಳಕ್ಕೆ ಬಂದು ಕೆಮ್ಮುತ್ತಾ ಕೂತವನನ್ನು ತೋರಿಸಿ ಅಜ್ಜಿ ಪಕ್ಕದ ಮನೆಯವರಿಗೆ ಹೇಳಿದಳು: ‘ಬೆಂಕಿ ಆರಿಸೋ ಕೆಲ್ಸಕ್ಕೆ ಸೇರ್ಬೇಕು ಅಂತ ಬೆಂಕಿ ಊದ್ತಾ ಅವ್ನೆ, ನೋಡಿ.’ ಆದರೂ ಅಜ್ಜಿಗೆ ಒಳಗೊಳಗೇ ಖುಷಿ. ಮನೆಯವರಿಗೆಲ್ಲ ಆರು ಗಂಟೆಗೇ ಬಿಸಿನೀರು ರೆಡಿ.

ಆಮೇಲೆ ಹೊರುವ ಅಭ್ಯಾಸ. ಹೊಗೆಯಲ್ಲಿ ಬಿದ್ದವನನ್ನು ಹೆಗಲ ಮೇಲೆ ಅಡ್ಡಡ್ಡ ಹಾಕಿಕೊಂಡು ತರೋದಕ್ಕೆ ಫೈರ್‌ಮನ್ ಲಿಫ್ಟ್ ಅಂತಾರೆ. ಭಾವನನ್ನು ಕೇಳಿದೆ. ‘ನಾನಿನ್ನೂ ನಡೀತೀನಿ’ ಅಂದು ಎದ್ದು ಹೋದರು. ಕಣಜದ ಹತ್ತಿರ ಇದ್ದ ಅರ್ಧ ಮೂಟೆ ರಾಗಿಯನ್ನೇ ಹೊತ್ತು ಊರ ಕೆರೆ ಏರಿ ಮೇಲೆ ಓಡಿದೆ. ಮೂಟೆ ಬರಬರುತ್ತಾ ಹಗುರ ಅನಿಸಿತು. ಪರವಾಗಿಲ್ಲ, ಮೈ ಹದಕ್ಕೆ ಬಂತು ಅಂದುಕೊಂಡು ಜೋರಾಗಿ ಓಡಿದೆ. ಕೊಕ್ಕೊ ಅಂತ ಸದ್ದು ಕೇಳಿ ತಿರುಗಿ ನೋಡಿದರೆ, ಇಲಿ ಕಡಿದ ತೂತಿನಿಂದ ಸಣ್ಣಗೆ ರಾಗಿ ಸುರಿಯುತ್ತಿದೆ. ಹಿಂದೆ ಹನ್ನೆರಡು ಕೋಳಿ, ಅವುಗಳ ಹಿಂದೆ ಬೈಯುತ್ತಾ ಅಜ್ಜಿ.

ರಾತ್ರಿ ಹೊತ್ತು ಗಟ್ಟಿಯಾಗಿ ಓದುತ್ತಿದ್ದೆ. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅವತ್ತೇ ಮುಂಬೈ ಬಂದರಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ ಎಷ್ಟೋ ಸಿಬ್ಬಂದಿ ಸತ್ತರು. ಹಡಗಿನಲ್ಲಿ ಹತ್ತಿ ಮೂಟೆ, ಜೊತೆಗೆ ಸಿಡಿಮದ್ದು. ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿಯ ಕೈ ನಿಂತಿತು. ‘ಹತ್ತಿ ಪಕ್ಕ ಮದ್ದು ಇಟ್ಟೋನು ಯಾವನ್ಲಾ?’ ನನ್ನ ಗೈಡ್‌ನಲ್ಲಿ ಆ ಪ್ರಶ್ನೆ ಇರಲಿಲ್ಲ.

ಎಣ್ಣೆ ಬೆಂಕಿಗೆ ನೀರು ಹಾಕಬಾರದು, ನೀರು ತಳಕ್ಕಿಳಿದು ಆವಿಯಾಗಿ ಉರಿಯುವ ಎಣ್ಣೆಯನ್ನೇ ಎಗರಿಸುತ್ತದೆ ಅಂತಲೂ ಅವತ್ತೇ ಬಾಯಿಪಾಠ ಮಾಡಿದ್ದೆ. ಮರುದಿನ ನಿಪ್ಪಟ್ಟಿನ ಬಾಣಲೆಗೆ ಬೆಂಕಿ ಹತ್ತಿತು. ನಾನು ಓಡಿದ್ದು ಎಲ್ಲಿಗೆ ಹೇಳಿ? ಸೀದಾ ನೀರಿನ ಬಿಂದಿಗೆಗೆ. ತರುವಷ್ಟರಲ್ಲಿ ಅಜ್ಜಿ ಗ್ಯಾಸ್ ಆಫ್ ಮಾಡಿ, ಬಾಣಲೆ ಮೇಲೆ ದೊಡ್ಡ ತಟ್ಟೆ ಮುಚ್ಚಿ, ನನ್ನನ್ನೂ ಬಿಂದಿಗೆಯನ್ನೂ ಒಂದು ಸಲ ನೋಡಿದಳು. ಬಾಯಾರಿಕೆ ಅಂತ ಹೇಳಿ ಅಲ್ಲೇ ಕುಡಿದೆ.

ನಾಗಪುರಕ್ಕೆ ಹೊರಡುವ ಹಿಂದಿನ ದಿನ ಮತ್ತೆ ಟೈಲರ್ ಅಂಗಡಿ. ಮಾವ ಟೇಪ್ ಸುತ್ತಿ ‘ಎಳಿ’ ಅಂದರು. ಊದುಗೊಳವೆ ದೇವರನ್ನು ನೆನೆದು ಎಳೆದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬ್ಲೌಸಿನ ತೋಳು ಬಿಗಿಯಾಯ್ತು ಅಂತ ಜಗಳ ತೆಗೆದರು. ಮಾವ ಒಂದು ಕೈಯಲ್ಲಿ ನನ್ನ ಎದೆಯ ಟೇಪ್ ಹಿಡಿದು, ಇನ್ನೊಂದು ಕೈಯಲ್ಲಿ ಬ್ಲೌಸ್ ತಿರುಗಿಸುತ್ತಾ ವಾದಕ್ಕಿಳಿದರು. ನನಗೆ ಕಿವಿಯಲ್ಲಿ ಗುಂಯ್ ಅಂತಿತ್ತು, ಗೋಡೆಯ ಕ್ಯಾಲೆಂಡರ್ ಎರಡೆರಡಾಗಿ ಕಾಣತೊಡಗಿತು. ಅವರು ಹೋದ ಮೇಲೆ ಉಸಿರು ಬಿಟ್ಟು, ‘ಎಷ್ಟಿತ್ತು ಮಾವ?’ ಅಂದೆ.

‘ಅಯ್ಯೋ, ನೋಡ್ಲೇ ಇಲ್ಲ ಕಣೋ. ಇನ್ನೊಂದ್ಸಲ ಎಳಿ.’